ಟರ್ಕಿ ಊಟದ ಮೆನು ಫೋಟೊ ಕೆಟ್ಟಿದೆಯಾ? ಕ್ಯಾಮೆರಾಕ್ಕೆ ಬೈಯುವ ಮೊದಲು ಇವನ್ನು ನೋಡಿ

ಇಸ್ತಾಂಬುಲ್‌ನ ಕಾದಿಕೊಯ್ ಕಡೆ ಒಂದು ಓಜಾಕ್‌ಬಾಶಿ. ಅಂದರೆ ಇದ್ದಿಲ ಒಲೆಯ ಸುತ್ತ ಕೂತು ತಿನ್ನುವ ಕೆಬಾಬ್ ಹೋಟೆಲ್. ಹೊಸ ಮೆನು ಕಾರ್ಡಿಗೆ 38 ತಿನಿಸಿನ ಫೋಟೊ ಬೇಕಿತ್ತು, ಎರಡು ದಿನದ ಕೆಲಸ. ಮೊದಲ ದಿನ ಮಧ್ಯಾಹ್ನದೊಳಗೆ 11 ತಟ್ಟೆ ಮುಗಿಸಿ, ಖುಷಿಯಿಂದ ಲ್ಯಾಪ್‌ಟಾಪ್ ತಿರುಗಿಸಿ ಮಾಲೀಕರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು. "ಇದು ನನ್ನ ಅದಾನಾ ಅಲ್ಲ" ಅಂದರು. ಅದಾನಾ ಅಂದರೆ ಕೊಚ್ಚಿದ ಮಾಂಸವನ್ನು ಸರಳಿಗೆ ಒತ್ತಿ ಸುಟ್ಟ ಕೆಬಾಬ್.

ಅವರು ಹೇಳಿದ್ದು ಸರಿ. ಪರದೆಯ ಮೇಲಿದ್ದದ್ದು ಇಟ್ಟಿಗೆ ತುಂಡಿನ ಹಾಗಿತ್ತು. ಕಂದು ಬಣ್ಣ, ಒಣ ಮೈ, ಅದರ ಮೇಲೊಂದು ಬಿಳಿ ಪೊರೆ. ಪಕ್ಕದ ಬಟ್ಟಲಲ್ಲಿ ಮೊಸರು ಅರಿಸಿನ ಹಾಕಿದಂತಿತ್ತು. ಪಾರ್ಸ್ಲಿ ಸೊಪ್ಪು ನಿನ್ನೆಯದು ಅನಿಸುತ್ತಿತ್ತು. ನಾನು ಒಂದು ಗಂಟೆ ಕ್ಯಾಮೆರಾದ ಸೆಟ್ಟಿಂಗ್ ತಿರುಗಿಸುತ್ತಾ ಕೂತೆ. ಕ್ಯಾಮೆರಾದಲ್ಲಿ ಏನೂ ತಪ್ಪಿರಲಿಲ್ಲ.

ಅಲ್ಲಿಂದ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಫೋಟೊದಲ್ಲಿ ಏನು ಕಾಣುತ್ತಿದೆ, ಅದಕ್ಕೆ ಕಾರಣ ಎಲ್ಲಿದೆ ಅಂತ ಪತ್ತೆ ಹಚ್ಚೋದು ಹೇಗೆ, ಆಮೇಲೆ ಏನು ಮಾಡಬೇಕು, ಈ ಕ್ರಮದಲ್ಲಿ ಇದೆ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಲ್ಬ್ ಆರಿಸಿ, ಬಿಳಿ ಬೆಳ್ಳಗೇ ಕಾಣುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ತಿರುಗಿಸಿ, ತಟ್ಟೆಯನ್ನೂ ಜರುಗಿಸಿದರೆ ಫೋಟೊ ಸರಿ ಹೋಗಬಹುದು. ಆದರೆ ಯಾಕೆ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಟ್ಟೆ ಬಂದಾಗ ಮತ್ತೆ ಅದೇ ಗೋಳು.

ತಟ್ಟೆಯ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ

ಇದು ಮೊದಲು ಗೊತ್ತಾಗುವುದು ಮೊಸರಿನಲ್ಲಿ. ಟರ್ಕಿ ಊಟದಲ್ಲಿ ಮೊಸರಿಗೆ ಕೊರತೆ ಇಲ್ಲ. ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಪುದೀನ ಹಾಕಿದ ಹೈದರಿ ಇರುತ್ತದೆ, ಸೌತೆಕಾಯಿಯ ಜಾಜಿಕ್ ಇರುತ್ತದೆ, ನಮ್ಮ ಮಜ್ಜಿಗೆಯ ನೆಂಟನಾದ ಐರಾನ್ ಅಂತೂ ಇದ್ದೇ ಇರುತ್ತದೆ. ಬಿಳಿ ವಸ್ತು ಸುಳ್ಳು ಹೇಳುವುದಿಲ್ಲ, ಬಿದ್ದ ಬಣ್ಣವನ್ನು ಹಾಗೇ ತೋರಿಸುತ್ತದೆ.

ಪರೀಕ್ಷೆ ಸುಲಭ. ಒಂದು ಬಿಳಿ ಕಾಗದವನ್ನು ಮಧ್ಯಕ್ಕೆ ಮಡಚಿ, ತಟ್ಟೆ ಇಡುವ ಜಾಗದಲ್ಲೇ ಗುಡಾರದ ಹಾಗೆ ನಿಲ್ಲಿಸಿ. ಒಂದು ಇಳಿಜಾರು ಕಿಟಕಿ ಕಡೆ ಇರಲಿ, ಇನ್ನೊಂದು ಒಳಗಡೆ. ಒಂದು ಫೋಟೊ ತೆಗೆಯಿರಿ. ಒಂದು ಬದಿ ಕಪ್ಪಗಿದ್ದರೆ ಪರವಾಗಿಲ್ಲ, ಅದು ನೆರಳು. ಎರಡು ಬದಿಯ ಬಣ್ಣವೇ ಬೇರೆಬೇರೆ ಇದ್ದರೆ ಬೆಳಕು ಕಲಬೆರಕೆ ಆಗಿದೆ ಅಂತ ಅರ್ಥ.

ಕಿಟಕಿಯಿಂದ ಬರುವ ಹಗಲು ಬೆಳಕು ಸುಮಾರು 5500 ಕೆಲ್ವಿನ್. ಇದು ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ. ಮೋಡ ಇದ್ದರೆ 6500ಕ್ಕೂ ಮೇಲೆ. ಹೋಟೆಲಿನವರಿಗೆ ಇಷ್ಟವಾಗುವ ಬೆಚ್ಚನೆಯ ಬಲ್ಬು 2700ರಿಂದ 3000. ವೈಟ್ ಬ್ಯಾಲೆನ್ಸ್ ಇಡೀ ಚಿತ್ರಕ್ಕೆ ಒಂದೇ ಲೆಕ್ಕ ಹಾಕುತ್ತದೆ. ಬಲ್ಬಿಗೆ ಸರಿ ಮಾಡಿದರೆ ಕಿಟಕಿ ಬದಿ ನೀಲಿ, ಕಿಟಕಿಗೆ ಸರಿ ಮಾಡಿದರೆ ಬಲ್ಬಿನ ಬದಿ ಹಳದಿ. ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲ್ ಇದ್ದರೂ ಅಷ್ಟೇ. ಆದ್ದರಿಂದ ಬಲ್ಬ್ ಆರಿಸಿ. ಎಲ್ಲವನ್ನೂ. ಗೋಡೆಯ ಚಿಕ್ಕ ದೀಪ, ಮೆಜೆ (ಊಟದ ಮೊದಲಿನ ಸಣ್ಣ ತಿನಿಸು) ಇಟ್ಟ ಗಾಜಿನ ಫ್ರಿಜ್ಜಿನ ಒಳಗಿನ ಟ್ಯೂಬು, ಅದನ್ನೂ ಬಿಡಬೇಡಿ. ಗಿರಾಕಿಗಳು ಹೋಟೆಲ್ ಮುಚ್ಚಿದೆ ಅಂದುಕೊಳ್ಳುತ್ತಾರೆ ಅಂತ ಮ್ಯಾನೇಜರ್ ಗೊಣಗುತ್ತಾರೆ. ಅದಕ್ಕೇ ಬೆಳಗ್ಗೆ 9ರಿಂದ 11ರವರೆಗಿನ ಹೊತ್ತು ಕೇಳಿಕೊಳ್ಳಿ.

ಈಗ ನನ್ನ ಕಥೆ. ನಾನು ಎಲ್ಲ ಬಲ್ಬನ್ನೂ ಆರಿಸಿದೆ. ಕಾಗದದ ಗುಡಾರ ಇಟ್ಟೆ. ಒಳಗಿನ ಇಳಿಜಾರು ಇನ್ನೂ ಕಿತ್ತಳೆ! ಇದ್ದಿಲ ಕೆಂಡ ಇರಬಹುದು ಅಂತ ಒಲೆಗೆ ತಗಡು ಮುಚ್ಚಿಸಿದೆ. ಆಗಲೂ ಕಿತ್ತಳೆ. ಕೊನೆಗೆ ಕಾಗದದ ಜಾಗದಲ್ಲಿ ಕೆನ್ನೆ ಇಟ್ಟು, ಕಾಗದಕ್ಕೆ ಏನು ಕಾಣುತ್ತದೋ ಅದನ್ನೇ ನೋಡಿದೆ. ಎದುರಿಗೆ ಒಲೆಯ ಮೇಲಿನ ಹೊಗೆಗೂಡು. ಓಜಾಕ್‌ಬಾಶಿಗಳಲ್ಲಿ ಅದು ಹೆಚ್ಚಾಗಿ ತಾಮ್ರದ್ದು, ಸುತ್ತಿಗೆಯಲ್ಲಿ ಬಡಿದು ಮಾಡಿದ್ದು, ಒಂದು ಕೋಣೆಯಷ್ಟು ದೊಡ್ಡದು. ಕಿಟಕಿಯ ಒಳ್ಳೆ ಬೆಳಕು ಅದಕ್ಕೆ ಬಡಿದು, ತಾಮ್ರದ ಬಣ್ಣ ಹೊತ್ತು ತಟ್ಟೆಗೆ ಬೀಳುತ್ತಿತ್ತು. ದೀಪ ಅಲ್ಲದ ದೀಪ. ಎರಡು ಬಿಳಿ ಮೇಜುಬಟ್ಟೆ ತಂದು ಅದರ ಮುಂದೆ ಇಳಿಬಿಟ್ಟೆವು. ಮೊಸರು ಬೆಳ್ಳಗಾಯಿತು.

ಹಾಗಾಗಿ ಬಲ್ಬ್ ಆರಿಸಿದ ಮೇಲೂ ಬಣ್ಣ ಉಳಿದರೆ, ತಟ್ಟೆಯ ಜಾಗದಲ್ಲಿ ಕಣ್ಣಿಟ್ಟು ಸುತ್ತ ನೋಡಿ. ಕೆಂಪು ಗೋಡೆ, ಹಸಿರು ಹೆಂಚು, ನಿಮ್ಮದೇ ಕೆಂಪು ಶರ್ಟು, ಎಲ್ಲವೂ ಬೆಳಕು ಎಸೆಯುತ್ತವೆ. ನಾನು ಈಗ ಈ ಕೆಲಸಕ್ಕೆ ಕಪ್ಪು ಶರ್ಟನ್ನೇ ಹಾಕುವುದು.

ಮೊಸರು ಸರಿ ಇದೆ, ಮಾಂಸ ಮಾತ್ರ ಸತ್ತಿದೆ

ಬಿಳಿ ಬೆಳ್ಳಗೆ ಇದೆ, ಸೊಪ್ಪು ಹಸಿರಾಗೇ ಇದೆ. ಆದರೆ ಟೊಮೆಟೊ, ಮಾಂಸ, ಕೆಂಪು ಮೆಣಸು ಇವೆಲ್ಲ ಮಣ್ಣಿನ ಬಣ್ಣ. ಇದು ಬಲ್ಬಿನ ಗುಣದ ದೋಷ.

ಎಲ್‌ಇಡಿ ಡಬ್ಬಿಯ ಮೇಲೆ ಸಿಆರ್‌ಐ 80 ಅಂತ ಇರುತ್ತದೆ. ಬಲ್ಬು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ ಅದು. ಆ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ಆರ್9 ಅಂತ ಬೇರೆಯೇ ಅಂಕ ಇದೆ, ಅಗ್ಗದ ಬಲ್ಬಿನಲ್ಲಿ ಅದು ಸೊನ್ನೆಯ ಹತ್ತಿರ ಇದ್ದರೂ ಇರಬಹುದು. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಮಾಂಸ ಎಲ್ಲಿಂದ ತೋರಿಸೀತು? ಎಡಿಟಿಂಗ್‌ನಲ್ಲಿ ಕೆಂಪು ಏರಿಸಿದರೆ ಲವಾಶ್ ರೊಟ್ಟಿಯೂ ಗುಲಾಬಿ ಆಗುತ್ತದೆ.

ಪರೀಕ್ಷೆಗೆ ಒಂದು ಟೊಮೆಟೊ ಸಾಕು. ಕಿಟಕಿ ಬಳಿ ಒಂದು ಫೋಟೊ, ಬಲ್ಬಿನ ಕೆಳಗೆ ಒಂದು. ಎರಡರಲ್ಲೂ ಬಿಳಿ ಕಾಗದ ಇಟ್ಟು ಬಿಳಿ ಸರಿ ಮಾಡಿ. ಆಮೇಲೂ ಎರಡನೇ ಟೊಮೆಟೊ ಮಂಕಾಗಿದ್ದರೆ ಬಲ್ಬನ್ನು ನಂಬಬೇಡಿ. ಕಿಟಕಿ ಇಲ್ಲದ ನೆಲಮಾಳಿಗೆಯ ಹೋಟೆಲಾದರೆ ಸಿಆರ್‌ಐ 95ರ ಮೇಲಿನ, ಆರ್9 ಅಂಕ ಬರೆದಿರುವ ದೀಪ ನೀವೇ ಒಯ್ಯಿರಿ.

ಕೆಬಾಬ್ ಮೇಲೆ ಬಿಳಿ ಪೊರೆ

ಎಲ್ಲಕ್ಕಿಂತ ಹೆಚ್ಚು ಫೋಟೊ ಕೆಡುವುದು ಇದರಿಂದ. ಇದಕ್ಕೂ ಕ್ಯಾಮೆರಾಕ್ಕೂ ಸಂಬಂಧವೇ ಇಲ್ಲ.

ಅದಾನಾ ಕೆಬಾಬ್‌ಗೆ ಮಾಂಸವನ್ನು ಜರ್ಹ್ ಅನ್ನುವ ದೊಡ್ಡ ಬಾಗಿದ ಕತ್ತಿಯಲ್ಲಿ ಕೊಚ್ಚುತ್ತಾರೆ. ಜೊತೆಗೆ ಕುರಿಯ ಬಾಲದ ಕೊಬ್ಬು. ಅಗಲ ಚಪ್ಪಟೆ ಸರಳಿಗೆ ಒತ್ತಿ ಇದ್ದಿಲ ಮೇಲೆ ಹಿಡಿದಾಗ ಆ ಕೊಬ್ಬು ಕರಗಿ, ಮೈಯೆಲ್ಲ ಮಿರಿಮಿರಿ ಮಿನುಗುತ್ತದೆ. ಆ ಮಿನುಗೇ ಬಾಯಲ್ಲಿ ನೀರೂರಿಸುವುದು. ಆದರೆ ಚಳಿಗಾಲದಲ್ಲಿ ನಮ್ಮ ತುಪ್ಪ ಗಟ್ಟಿಯಾಗುವ ಹಾಗೆ, ತಣ್ಣಗಾದ ಕೂಡಲೇ ಅದೂ ಹೆಪ್ಪುಗಟ್ಟುತ್ತದೆ. ಮೊದಲು ತಟ್ಟೆಯ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಆಮೇಲೆ ಮಾಂಸದ ಗೀರುಗಳ ಒಳಗೆ. ತಣ್ಣನೆ ಪಿಂಗಾಣಿ ತಟ್ಟೆಯಾದರೆ ನನ್ನ ಲೆಕ್ಕದಲ್ಲಿ ನಾಲ್ಕು ನಿಮಿಷ, ಅಷ್ಟೇ.

ಪತ್ತೆ ಹೀಗೆ: ತಟ್ಟೆಯ ತಳ ಮುಟ್ಟಿ. ತಣ್ಣಗಿದ್ದರೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಮೊದಲ ಫೋಟೊ ಮತ್ತು ಹತ್ತನೇ ಫೋಟೊ ಅಕ್ಕಪಕ್ಕ ಇಟ್ಟು ಪೂರ್ತಿ ಹಿಗ್ಗಿಸಿ ನೋಡಿ. ಮೊದಲನೆಯದರಲ್ಲಿ ಮಿನುಗು ಇದ್ದು ಹತ್ತನೆಯದರಲ್ಲಿ ಇಲ್ಲದಿದ್ದರೆ ದೋಷ ಗಡಿಯಾರದ್ದು. ಮೊದಲನೆಯದರಲ್ಲೂ ಇಲ್ಲದಿದ್ದರೆ ಒಲೆಯಿಂದ ಮೇಜಿಗೆ ಬರುವ ದಾರಿಯಲ್ಲೇ ತಣ್ಣಗಾಗಿದೆ. ಒಲೆಯ ಹತ್ತಿರದ ಕಿಟಕಿಗೆ ನೀವೇ ಹೋಗಿ.

ನಾನು ಮಾಡಿದ್ದು ಇಷ್ಟು. ಉಸ್ತಾಗೆ ಎರಡು ಸರಳು ಹೇಳಿದೆ. ಉಸ್ತಾ ಅಂದರೆ ಅಲ್ಲಿ ಅಡುಗೆಯ ಮೇಷ್ಟ್ರು, ನಮ್ಮ ಉಸ್ತಾದ್ ಪದವೇ. ಮೊದಲ ಸರಳು ಅಣಕು ತಟ್ಟೆಗೆ. ಅದನ್ನಿಟ್ಟುಕೊಂಡು ಕೋನ, ಫೋಕಸ್, ನೆರಳು, ಸುಟ್ಟ ಮೆಣಸಿನಕಾಯಿ ಎಲ್ಲಿ, ಸುಮಾಕ್ ಅನ್ನುವ ಹುಳಿ ಕೆಂಪು ಪುಡಿ ಹಾಕಿದ ಈರುಳ್ಳಿ ಎಲ್ಲಿ, ಎಲ್ಲ ಗೊತ್ತು ಮಾಡಿಕೊಂಡೆ. ಆತುರ ಇಲ್ಲದೆ, ಅರ್ಧ ಗಂಟೆ. ತಟ್ಟೆಯ ಸುತ್ತ ಮೇಜಿನ ಮೇಲೆ ಸಣ್ಣ ಟೇಪಿನ ಗುರುತು. ಆಮೇಲೆ ಬಿಸಿನೀರಲ್ಲಿ ಅದ್ದಿ ಒರೆಸಿದ ತಟ್ಟೆಯನ್ನು ಉಸ್ತಾ ಕೈಗೇ ಕೊಟ್ಟೆ. "ಸಿಜಾಕ್ ಸಿಜಾಕ್" ಅಂದೆ. ಬಿಸಿಬಿಸಿ ಅಂತ. ನಮ್ಮ ಹಾಗೇ ಅವರೂ ಎರಡು ಸಲ ಹೇಳುತ್ತಾರೆ. ಅವನು ನಕ್ಕು, ಎರಡನೇ ಸರಳನ್ನು ಲವಾಶ್ ರೊಟ್ಟಿಯಲ್ಲಿ ಹಿಡಿದು ಒಂದೇ ಎಳೆತಕ್ಕೆ ತಟ್ಟೆಗೆ ಜಾರಿಸಿದ. "ಹಾಜಿರ್!" ಅಂದ. ಹಾಜರು! ಎಂಟು ಫೋಟೊ, ನಲವತ್ತು ಸೆಕೆಂಡು.

ಮಿನುಗು ಹೋಗಿಬಿಟ್ಟಿದ್ದರೆ ತಟ್ಟೆಗೆ ಇಳಿದ ಕೊಬ್ಬನ್ನೇ ಬಿಸಿ ಮಾಡಿ ಬ್ರಷ್‌ನಲ್ಲಿ ತೆಳ್ಳಗೆ ಸವರಿ. ಕೆಲವರು ಇಂಜಿನ್ ಆಯಿಲ್, ವಾರ್ನಿಶ್ ಅಂತೆಲ್ಲ ಹೇಳುತ್ತಾರೆ. ದಯವಿಟ್ಟು ಬೇಡ. ಶೂಟಿಂಗ್ ಮುಗಿದ ಮೇಲೆ ಆ ತಟ್ಟೆಯನ್ನು ಹೋಟೆಲಿನ ಹುಡುಗರು ತಿನ್ನುತ್ತಾರೆ.

ಈ ತಲೆನೋವು ಎಲ್ಲ ತಿನಿಸಿಗೂ ಇಲ್ಲ. ಆಲಿವ್ ಎಣ್ಣೆಯ ತರಕಾರಿ ಅಡುಗೆಗಳನ್ನು, ತುಂಬಿದ ಬದನೆಯ ಇಮಾಮ್ ಬಾಯಿಲ್ದಿ, ದ್ರಾಕ್ಷಿ ಎಲೆಯ ಸರ್ಮಾ ಇಂಥವನ್ನು ಅವರು ತಣ್ಣಗೇ ತಿನ್ನುವುದು. ಆಲಿವ್ ಎಣ್ಣೆ ಕೋಣೆಯ ಬಿಸಿಗೆ ಗಟ್ಟಿಯಾಗಲ್ಲ. ಅವನ್ನು ಬೆಳಗ್ಗೆ ಅಡುಗೆಮನೆ ಇನ್ನೂ ಕಾಯದಿರುವಾಗ ಆರಾಮಾಗಿ ಮುಗಿಸಿಕೊಳ್ಳಿ.

ಕಂದು ರಾಶಿ: ಬಣ್ಣವೂ ಸರಿ, ಬಿಸಿಯೂ ಇದೆ, ಆದರೂ ಚಪ್ಪೆ

ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರುತ್ತಿದೆ. ತಟ್ಟೆಯನ್ನು ಗಡಿಯಾರ ಅಂದುಕೊಳ್ಳಿ, ನೀವು 6ರ ಜಾಗದಲ್ಲಿದ್ದೀರಿ. ಕಿಟಕಿ 10 ಅಥವಾ 11ರ ಕಡೆ ಬರುವ ಹಾಗೆ ಕುರ್ಚಿ ತಿರುಗಿಸಿ. ಸುಟ್ಟ ಗೀರು, ಮಾಂಸದ ಉಬ್ಬುತಗ್ಗು ಎಲ್ಲ ಎದ್ದು ಬರುತ್ತದೆ. ಮುಂದಿನ ಬದಿ ಕತ್ತಲಾದರೆ ಒಂದು ಬಿಳಿ ರಟ್ಟು ನಿಲ್ಲಿಸಿ. ಫ್ಲ್ಯಾಶ್ ಚೀಲದಲ್ಲೇ ಇರಲಿ.

ಕೋನದ್ದೂ ಒಂದು ಮಾತು. ಲಹ್ಮಜುನ್ ತೆಳ್ಳಗಿನ ದುಂಡು ರೊಟ್ಟಿ, ಅದಕ್ಕೆ ಎತ್ತರವೇ ಇಲ್ಲ. ಅದನ್ನು ನೇರ ಮೇಲಿನಿಂದಲೇ ತೆಗೆಯಬೇಕು. ದೋಣಿ ಆಕಾರದ ಪಿದೆಯೂ ಹಾಗೇ, ಓರೆಯಾಗಿ ಇಟ್ಟು. ಕೆಬಾಬ್, ಸೂಪು, ಬಟ್ಟಲಿನ ತಿನಿಸಿಗೆ ಕೂತು ಊಟ ಮಾಡುವವನ ಕಣ್ಣಿನ ಕೋನ. ಫೋನಿನಲ್ಲಿ ತೆಗೆಯುವವರು ಹತ್ತಿರ ನುಗ್ಗಬೇಡಿ. ಫೋನಿನ ಮುಖ್ಯ ಲೆನ್ಸ್ ಅಗಲ ಕೋನದ್ದು. ಹತ್ತಿರದಿಂದ ತೆಗೆದರೆ ಪಿದೆಯ ಮುಂದಿನ ತುದಿ ಹಡಗಿನ ಮೂತಿಯಂತೆ ಉಬ್ಬುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ 2 ಪಟ್ಟು ಲೆನ್ಸ್ ಬಳಸಿ.

ತುದಿ ಮಾತ್ರ ಸ್ಪಷ್ಟ, ಉಳಿದದ್ದು ಮಬ್ಬು ಅಂದರೆ ಲೆನ್ಸಿನ ಕಿಂಡಿಯನ್ನು ಎಫ್ 2.8ರಷ್ಟು ಅಗಲ ತೆರೆದು ತೆಗೆದಿದ್ದೀರಿ. ಕಿಂಡಿ ಚಿಕ್ಕದಾಗುವ ಎಫ್ 8ಕ್ಕೆ ಬನ್ನಿ, ಟ್ರೈಪಾಡ್ ಹಾಕಿ. ಮಬ್ಬು ಹಿನ್ನೆಲೆ ಇನ್‌ಸ್ಟಾಗ್ರಾಂಗೆ ಚೆಂದ. ಮೆನುವಿನಲ್ಲಿ ಗಿರಾಕಿಗೆ ತಟ್ಟೆಯಲ್ಲಿ ಏನೇನಿದೆ ಅಂತ ಗೊತ್ತಾಗಬೇಕು.

ಇಸ್ಕೆಂದರ್: ಬೆಣ್ಣೆ ಸುರಿಯುವ ಕ್ಷಣ ಸಿಗುತ್ತಿಲ್ಲ

ಬುರ್ಸಾ ಊರಿನ ತಿನಿಸು ಇದು. ಪಿದೆ ರೊಟ್ಟಿಯ ತುಂಡು, ಮೇಲೆ ನಿಂತ ಸರಳಿನಲ್ಲಿ ತಿರುಗಿಸಿ ಸುಟ್ಟ ದೊನೆರ್ ಮಾಂಸದ ತೆಳ್ಳನೆ ಹಾಳೆಗಳು, ಟೊಮೆಟೊ ಸಾರು, ಪಕ್ಕದಲ್ಲಿ ಮೊಸರು. ಕೊನೆಗೆ ಮೇಜಿನ ಬಳಿಯೇ ಕಾದ ಬೆಣ್ಣೆಯನ್ನು ಚುರ್ರೆಂದು ಸುರಿಯುತ್ತಾರೆ. ಎಲ್ಲರಿಗೂ ಆ ಸುರಿಯುವ ಫೋಟೊನೇ ಬೇಕು. ನನಗೆ ಮೂರು ತಟ್ಟೆ ಹಿಡಿಯಿತು, ಪ್ರತಿ ಸಲ ಬೇರೆ ಬೇರೆ ದೋಷ.

ಮೊದಲ ತಟ್ಟೆ: ಬೆಣ್ಣೆಯ ಧಾರೆ ಮಬ್ಬು ದಾರದಂತೆ ಬಂತು. ಶಟರ್ ವೇಗ 1/80 ಸೆಕೆಂಡ್ ಇತ್ತು. 1/500ಕ್ಕೆ ಏರಿಸಿದೆ, ಐಎಸ್ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, ಕೂಡ ಏರಿತು. ಏರಲಿ ಬಿಡಿ, ಸ್ವಲ್ಪ ಕಾಳು ಕಂಡರೂ ಮೆನುವಿನ ಅಳತೆಯಲ್ಲಿ ಗೊತ್ತಾಗುವುದಿಲ್ಲ.

ಎರಡನೇ ತಟ್ಟೆ: ಧಾರೆ ಸ್ಪಷ್ಟ, ಆದರೆ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟಿಗಳು. ಯಾರೋ ಪುಣ್ಯಾತ್ಮ ಮೇಲಿನ ದೀಪ ಹಾಕಿಬಿಟ್ಟಿದ್ದ. ಟರ್ಕಿಯಲ್ಲೂ ನಮ್ಮಂತೆ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/100 ಅಥವಾ 1/50 ಇದ್ದರೆ ಪೂರ್ತಿ ಮಿಣುಕು ಒಳಗೆ ಬರುತ್ತದೆ, ಪಟ್ಟಿ ಕಾಣಲ್ಲ. 1/500ರಲ್ಲಿ ಮಿಣುಕಿನ ಚೂರು ಮಾತ್ರ ಸಿಗುತ್ತದೆ. ವೇಗದ ಶಟರ್ ಬೇಕಿದ್ದರೆ ದೀಪ ಆರಿಸುವುದೇ ಖಚಿತ ದಾರಿ. ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದೆ.

ಮೂರನೇ ತಟ್ಟೆ ಬರುವ ಮೊದಲು ಅಣಕು ತಟ್ಟೆಗೆ ನೀರು ಸುರಿಸಿ ನೋಡಿದೆ. ಆಗ ಕಂಡಿತು: ಮಾಣಿ ಎಡಗಡೆ ನಿಂತಿದ್ದಾನೆ, ಕಿಟಕಿಯೂ ಎಡಗಡೆ. ಅವನ ಕೈಯ ನೆರಳು ಸರಿಯಾಗಿ ಮಾಂಸದ ಮೇಲೆ. ಅವನನ್ನು ಬಲಕ್ಕೆ ಕಳಿಸಿದೆ. ಧಾರೆ ಬೀಳುವ ಜಾಗದಲ್ಲಿ ಒಂದು ಬೆಂಕಿಕಡ್ಡಿ ಚುಚ್ಚಿ ಫೋಕಸ್ ಹಿಡಿದು, ಆಟೊ ಫೋಕಸ್ ಬಂದ್ ಮಾಡಿ, ಕಡ್ಡಿ ತೆಗೆದೆ. ಬೆಣ್ಣೆ ಒಲೆಯಿಂದ ಇಳಿದ ಕೂಡಲೇ ನೊರೆಯಿಂದ ಬಿಳಿಚಿಕೊಂಡಿರುತ್ತದೆ. ನೊರೆ ಇಳಿಯಲಿ, ಚಿನ್ನದ ಬಣ್ಣಕ್ಕೆ ತಿರುಗಲಿ ಅಂತ ಕಾದೆವು. ಸುರಿ ಅಂದೆ. ಹಿಂದಿನಿಂದ ಬಂದ ಕಿಟಕಿ ಬೆಳಕು ಧಾರೆಯೊಳಗೆ ಹಾದು ಹೊಳೆಯಿತು. ಟೊಮೆಟೊ ಸಾರಿಗೆ ಬಿದ್ದ ಕಡೆ ಗುಳ್ಳೆ ಎದ್ದವು. ತಟ್ಟೆಯ ಅಂಚಿಗೆ ಸಿಡಿದ ಒಂದು ಹನಿಯನ್ನು ಒರೆಸಲಿಲ್ಲ, ಬೇಕಂತಲೇ ಬಿಟ್ಟೆ. ಮಾಲೀಕರಿಗೆ ಅದೇ ಇಷ್ಟವಾಯಿತು.

ಹಬೆ ಬರುತ್ತಿಲ್ಲ ಅನ್ನುವವರಿಗೂ ಇದೇ ಮದ್ದು. ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಮೆರ್ಜಿಮೆಕ್ ಚೋರ್ಬಾ, ಅಂದರೆ ಮಸೂರ್ ಬೇಳೆಯ ಸೂಪು, ಬಿಳಿ ಗೋಡೆಯ ಮುಂದೆ ಕುದಿಯುತ್ತಿದ್ದರೂ ತಣ್ಣಗಿದ್ದಂತೆ ಕಾಣುತ್ತದೆ.

ಕೆಂಪು ಮುದ್ದೆ: ಎಜ್ಮೆ, ಟೊಮೆಟೊ ಸಾರು ಬಣ್ಣ ಬಳಿದಂತೆ

ಟೊಮೆಟೊ, ಮೆಣಸು ಕೊಚ್ಚಿ ಮಾಡಿದ ಎಜ್ಮೆಯಲ್ಲಿ ಸಣ್ಣ ಸಣ್ಣ ತುಂಡು ಕಾಣಬೇಕು. ಬದಲಿಗೆ ಒಂದೇ ಕೆಂಪು ತೇಪೆ. ಒಟ್ಟಾರೆ ಹಿಸ್ಟೊಗ್ರಾಮ್, ಅಂದರೆ ಚಿತ್ರದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಅಂತ ತೋರಿಸುವ ನಕ್ಷೆ, ಸರಿ ಇದೆ ಅನ್ನುತ್ತದೆ. ಮೂರೂ ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೊಗ್ರಾಮ್ ತೆರೆಯಿರಿ, ಕೆಂಪು ಬಲಗೋಡೆಗೆ ಡಿಕ್ಕಿ ಹೊಡೆದಿರುತ್ತದೆ. ಎಕ್ಸ್‌ಪೋಷರ್, ಅಂದರೆ ಫೋಟೊಗೆ ಬೀಳುವ ಬೆಳಕು, ಅರ್ಧ ಸ್ಟಾಪ್ ಇಳಿಸಿ. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ. "ವಿವಿಡ್" ಪ್ರೊಫೈಲ್ ಇದ್ದರೆ ತೆಗೆದು ಹಾಕಿ. ನಮಗೆ ಕೆಂಪು ಜಾಸ್ತಿ ಇದ್ದಷ್ಟೂ ಖಾರ ಅನಿಸುತ್ತದೆ, ಹಾಗಾಗಿ ಕೈ ಆ ಕಡೆಗೇ ಎಳೆಯುತ್ತದೆ. ತಡೆಯಿರಿ.

ಬಿಳಿ ಮೇಲೆ ಬಿಳಿ: ಮಂತಿ

ಕೈಸೆರಿಯ ಮಂತಿ ಪುಟಾಣಿ ಕಡುಬು. ಒಂದು ಚಮಚದಲ್ಲಿ 40 ಹಿಡಿಯಬೇಕು ಅಂತ ಅಲ್ಲಿ ಮಾತಿದೆ. ಬೆಳ್ಳಗಿನ ಹಿಟ್ಟು, ಮೇಲೆ ಬೆಳ್ಳಗಿನ ಮೊಸರು, ಬೆಳ್ಳಗಿನ ತಟ್ಟೆ. ಫೋಟೊದಲ್ಲಿ ಸುಣ್ಣದ ತೊಟ್ಟಿ.

ಇಲ್ಲಿ ಎರಡು ದೋಷ ಒಂದೇ ಥರ ಕಾಣುತ್ತವೆ, ಬೇರೆ ಮಾಡಿಕೊಳ್ಳಿ. ಮೊಸರು ಬೂದಿ ಬಣ್ಣಕ್ಕಿದ್ದರೆ ಕ್ಯಾಮೆರಾದ ಮೀಟರ್ ಮೋಸ ಹೋಗಿದೆ. ಅದು ಏನು ಕಂಡರೂ ನಡುವಿನ ಬೂದಿ ಅಂದುಕೊಳ್ಳುತ್ತದೆ. ಎಕ್ಸ್‌ಪೋಷರ್ 2/3ರಿಂದ 1 ಸ್ಟಾಪ್ ಏರಿಸಿ. ಮೊಸರು ಬೆಳ್ಳಗಿದ್ದು ಆಕಾರವೇ ಇಲ್ಲದಿದ್ದರೆ ನೆರಳು ಇಲ್ಲ. ಕಿಟಕಿಯ ಎದುರು ಬದಿಗೆ ಬಿಳಿ ಅಲ್ಲ, ಕಪ್ಪು ರಟ್ಟು ನಿಲ್ಲಿಸಿ. ಪ್ರತಿ ಕಡುಬಿಗೂ ಒಂದು ಬದಿ ಗೆರೆ ಬರುತ್ತದೆ. ಮೊಸರನ್ನು ಎಲ್ಲ ಕಡೆ ಸುರಿಯದೆ ಕಾಲು ಭಾಗ ಕಡುಬು ಹಾಗೇ ಬಿಡಿ. ಕೊನೆಗೆ ಪುಲ್ ಬಿಬೆರ್ ಮೆಣಸು ಹಾಕಿ ಕಾಯಿಸಿದ ಕೆಂಪು ಬೆಣ್ಣೆ. ಅದು ಮೊಸರಿನ ಮೇಲೆ ಗೆರೆಗೆರೆಯಾಗಿ ನಿಲ್ಲಬೇಕು. ಮೊಸರು ನೀರಾಗಿದ್ದರೆ ಹರಡಿ ಗುಲಾಬಿ ಆಗಿಬಿಡುತ್ತದೆ. ಫೋಟೊಗೆ ಸ್ವಲ್ಪ ಗಟ್ಟಿ ಮೊಸರು ಕೇಳಿ.

ತಾಮ್ರದ ಬಾಣಲೆಯಲ್ಲಿ ನಿಮ್ಮದೇ ಮುಖ

ಟೊಮೆಟೊ, ಮೊಟ್ಟೆಯ ಮೆನೆಮೆನ್, ಹುರಿದ ಮೊಟ್ಟೆ ಇವೆಲ್ಲ ತಾಮ್ರದ ಸಹಾನ್ ತಟ್ಟೆಯಲ್ಲಿ ಬರುತ್ತವೆ. ಒಳಗೆ ಕಲಾಯಿ. ಅಲ್ಲಿ ತವರಕ್ಕೇ ಕಲಾಯ್ ಅಂತ ಹೆಸರು. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೂ ಮುಖ ಹೋಗುವುದಿಲ್ಲ, ಫಿಲ್ಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಬರಿ ಲೋಹದ ಪ್ರತಿಫಲನವನ್ನು ಅದು ಕತ್ತರಿಸುವುದೇ ಇಲ್ಲ. ಗಾಜು, ಪಿಂಗಾಣಿ, ಎಣ್ಣೆ, ಇವುಗಳ ಮೇಲೆ ಮಾತ್ರ ಕೆಲಸ. ಎಣ್ಣೆಯ ಮೇಲೂ ಪೂರ್ತಿ ತಿರುಗಿಸಿದರೆ ತಿನಿಸು ಒಣಗಿದಂತೆ ಕಾಣುತ್ತದೆ. ಲೋಹಕ್ಕೆ ಮದ್ದು ಒಂದೇ: ಅದು ಏನನ್ನಾದರೂ ತೋರಿಸಿಯೇ ತೀರುತ್ತದೆ, ನಿಮ್ಮ ಮುಖದ ಬದಲು ಬಿಳಿ ಬಟ್ಟೆ ತೋರಿಸಲಿ.

ಚಹಾ ಕಪ್ಪಗೆ, ಕಾಫಿ ಸಪ್ಪಗೆ

ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹಾ. ಒಳ್ಳೆ ಚಹಾದ ಬಣ್ಣಕ್ಕೆ ಅವರು "ತವ್‌ಶಾನ್ ಕಾನಿ" ಅನ್ನುತ್ತಾರೆ, ಮೊಲದ ರಕ್ತ. ಫೋಟೊದಲ್ಲಿ ಡಾಂಬರಿನ ಹಾಗೆ ಬಂದರೆ ಬೆಳಕು ಕ್ಯಾಮೆರಾ ಕಡೆಯಿಂದ ಬೀಳುತ್ತಿದೆ ಅಂತ ಅರ್ಥ. ಲೋಟದ ಆಕಾರಕ್ಕೇ ಒಂದು ಬಿಳಿ ಕಾಗದ ಕತ್ತರಿಸಿ, ಲೋಟದ ಹಿಂದೆ ಕ್ಯಾಮೆರಾಗೆ ಕಾಣದಂತೆ ವಾಲಿಸಿ ನಿಲ್ಲಿಸಿ. ಹಿಂದಿನ ಬೆಳಕು ಅದಕ್ಕೆ ತಾಗಿ ಚಹಾದೊಳಗೆ ಹಾದು ಬರುತ್ತದೆ. ಡಿಕಾಕ್ಷನ್ ಸ್ವಲ್ಪ ಕಡಿಮೆ ಮಾಡಿಸಿ. ಹಾಲು ಮಾತ್ರ ಕೇಳಬೇಡಿ, ಅಡುಗೆಮನೆಯವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಕಾಫಿಯಲ್ಲಿ ನೊರೆಯೇ ಮುಖ್ಯ. ನೊರೆ ಇಲ್ಲದ ಟರ್ಕಿ ಕಾಫಿಯ ಚಿತ್ರ ಹಾಕಿದರೆ ಆ ಹೋಟೆಲಿಗೆ ಕಾಫಿ ಮಾಡಲು ಬರುವುದಿಲ್ಲ ಅಂತಲೇ ಅರ್ಥ. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಾಫಿ ಸಂಪ್ರದಾಯ ಅದು, ಅಭಿಮಾನ ಜಾಸ್ತಿ. ಕಾಫಿ ಮೇಜಿಗೆ ಬಂದ ಒಂದು ನಿಮಿಷದೊಳಗೆ, ಸ್ವಲ್ಪ ಮೇಲಿನ ಕೋನದಿಂದ ತೆಗೆದು ಮುಗಿಸಿ.

ಬಕ್ಲಾವಾ ಇಟ್ಟಿಗೆಯಂತೆ, ಪಿಸ್ತಾ ಹಳದಿ

ಗಾಜಿಯಾಂತೆಪ್‌ನ ಬಕ್ಲಾವಾ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆ ಪಡೆದದ್ದು 2013ರಲ್ಲಿ. ಆ ಮನ್ನಣೆ ಪಡೆದ ಟರ್ಕಿಯ ಮೊದಲ ತಿನಿಸು ಅದು. ಅದರ ಜೀವ ಇರುವುದು ಪದರಗಳಲ್ಲಿ, ಒಳಗಿನ ಹಸಿರು ಪಿಸ್ತಾದಲ್ಲಿ. ಮೇಲಿನಿಂದ ತೆಗೆದರೆ ಎರಡೂ ಕಾಣುವುದಿಲ್ಲ. ಕ್ಯಾಮೆರಾವನ್ನು ಮೇಜಿಗೆ ತಾಗುವಷ್ಟು ಕೆಳಗಿಳಿಸಿ, ಕತ್ತರಿಸಿದ ಮುಖಕ್ಕೆ ಬದಿಯಿಂದ ಬೆಳಕು ಬೀಳಲಿ. ಹಾಟಾಯ್ ಕಡೆಯ ಚೀಸ್ ತುಂಬಿದ ಸಿಹಿ ತಿಂಡಿ ಕ್ಯುನೆಫೆಯಾದರೆ ಆತುರ ಮಾಡಿ. ಒಳಗಿನ ಉಪ್ಪಿಲ್ಲದ ಚೀಸ್ ಎಳೆಯಾಗಿ ಎಳೆದು ಬರುವುದು ಬಿಸಿ ಇದ್ದಾಗ ಮಾತ್ರ.

ಪಿಸ್ತಾ ಹಳದಿ ಆಗುವುದಕ್ಕೆ ಸಾಮಾನ್ಯವಾಗಿ ಕಾರಣ ನಾವೇ. ತಿಂಡಿ ಬೆಚ್ಚಗೆ ಕಾಣಲಿ ಅಂತ ವೈಟ್ ಬ್ಯಾಲೆನ್ಸ್ ಏರಿಸುತ್ತೇವೆ, ಹಸಿರು ಓಡಿಹೋಗುತ್ತದೆ. ಪರದೆಯಲ್ಲಿ ಹಸಿರಿದ್ದು ಅಚ್ಚಿನಲ್ಲಿ ಮಾತ್ರ ಹಳದಿಯಾದರೆ ಅದು ಬೇರೆ ದೋಷ, ಕೆಳಗೆ ಹೇಳುತ್ತೇನೆ.

ಫೋಟೊ ಚೆನ್ನಾಗಿದೆ, ಆದರೂ ಮಾಲೀಕರು ತಲೆ ಅಲ್ಲಾಡಿಸುತ್ತಾರೆ

ಇದನ್ನು ಪತ್ತೆ ಹಚ್ಚಲು ಕ್ಯಾಮೆರಾ ಬೇಡ. ಕೇಳಿ: "ಇದರಲ್ಲಿ ನಿಮ್ಮದಲ್ಲದ್ದು ಏನಿದೆ?" ನನ್ನ ಅನುಭವದಲ್ಲಿ ಉತ್ತರಗಳು: ಪಾರ್ಸ್ಲಿ ಬದಲು ಕೊತ್ತಂಬರಿ. ಉರ್ಫಾ ಕೆಬಾಬ್ ಅಂತ ಬರೆದಿರುವಲ್ಲಿ ಅದಾನಾ ಚಿತ್ರ. ಉರ್ಫಾದ್ದು ಖಾರ ಇಲ್ಲದ್ದು, ಅಲ್ಲಿಯವರಿಗೆ ಈ ಅದಲುಬದಲು ಬೈಗುಳಕ್ಕೆ ಸಮ. ತಟ್ಟೆಯ ಪಕ್ಕ ನೀಲಿ ದೃಷ್ಟಿಮಣಿ, ಕಾರ್ಪೆಟ್ಟು, ಕೆಂಪು ಟೋಪಿ. ಪ್ರವಾಸಿ ಅಂಗಡಿ ಥರ. ನಿಜವಾದ ಮೇಜಿನ ಮೇಲೆ ಇರುವುದು ಬ್ರೆಡ್ ಬುಟ್ಟಿ, ಚಿಕ್ಕ ನೀರಿನ ಬಾಟಲಿ, ಕತ್ತರಿಸಿದ ನಿಂಬೆ, ಅಷ್ಟೇ. ಒಂದು ಸರಳು ಕೊಡುವ ತಿನಿಸಿಗೆ ಎರಡು ಸರಳಿಟ್ಟು ತೆಗೆಯಲೂಬೇಡಿ. ಬೈಸಿಕೊಳ್ಳುವುದು ಮಾಣಿ.

ಚಿತ್ರದೊಳಗೆ ಬೆಲೆ ಬರೆಯಬೇಡಿ. 2022ರ ಅಕ್ಟೋಬರಿನಲ್ಲಿ ಅಲ್ಲಿನ ವಾರ್ಷಿಕ ಹಣದುಬ್ಬರ ಶೇ 85 ದಾಟಿತ್ತು. ಬೆಲೆ ಬದಲಾದ ಪ್ರತಿ ಸಲ ನಿಮಗೇ ಫೋನ್ ಬರುತ್ತದೆ.

ಪರದೆಯಲ್ಲಿ ಚೆಂದ, ಕಾರ್ಡಿನಲ್ಲಿ ಕೊಳಕು

ಮೊದಲು ಕೇಳಬೇಕಾದ್ದು: ಫೈಲ್ ಪ್ರೆಸ್ಸಿಗೆ ಹೋಗಿದ್ದು ಹೇಗೆ? ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಪೂರ್ತಿ ಎ4 ಪುಟಕ್ಕೆ ಇಂಚಿಗೆ 300 ಚುಕ್ಕೆಯಂತೆ 2480 ಗುಣಿಸು 3508 ಪಿಕ್ಸೆಲ್ ಬೇಕು. ಕ್ಯುಆರ್ ಮೆನುವಿಗಾದರೆ ಅಷ್ಟು ದೊಡ್ಡದು ಬೇಡ. ಆದರೆ ಅವರು ಚೌಕಕ್ಕೆ ಕತ್ತರಿಸುತ್ತಾರೆ, ಪಿದೆಯ ಎರಡು ತುದಿಯೂ ಹೋಗುತ್ತದೆ. ಸುತ್ತ ಜಾಗ ಬಿಟ್ಟು ತೆಗೆದಿಟ್ಟಿರಿ. ವೆಬ್ಬಿನಲ್ಲಿ ಬಣ್ಣ ಮಂಕಾದರೆ ಫೈಲ್ ಅಡೋಬಿ ಆರ್‌ಜಿಬಿ ಅನ್ನುವ ಬಣ್ಣದ ವ್ಯಾಪ್ತಿಯಲ್ಲಿ ಉಳಿದಿದೆ, ವೆಬ್ಬಿಗೆ ಒಗ್ಗುವ ಎಸ್‌ಆರ್‌ಜಿಬಿಗೆ ಬದಲಿಸಿ.

ಎರಡನೆಯದು ಶಾಯಿ. ಅಚ್ಚಿನ ನಾಲ್ಕು ಬಣ್ಣದ ಶಾಯಿಗೆ ಪರದೆಯ ಎಲ್ಲ ಬಣ್ಣ ಬರುವುದಿಲ್ಲ. ಹೊಳೆಯುವ ಕೆಂಪು ಕಿತ್ತಳೆ, ಎಳೆ ಹಸಿರು ಮೊದಲು ಸೋಲುತ್ತವೆ. ಅಂದರೆ ಎಜ್ಮೆ ಮತ್ತು ಪಿಸ್ತಾ. ಎಡಿಟಿಂಗ್‌ನಲ್ಲೇ ಸಿಎಂವೈಕೆ ಪ್ರೂಫ್, ಅಂದರೆ ಆ ನಾಲ್ಕು ಶಾಯಿಯಲ್ಲಿ ಹೇಗೆ ಬರುತ್ತದೆ ಅನ್ನುವ ನೋಟ, ಹಾಕಿ, ಎಷ್ಟು ಬಣ್ಣ ಹೋಗುತ್ತದೆ ನೋಡಿ, ಅಷ್ಟರೊಳಗೇ ತುಂಡು ತುಂಡಾಗಿ ವಿವರ ಉಳಿಯುವಂತೆ ಸರಿ ಮಾಡಿ. ಆಮೇಲೆ ಒಂದೇ ಒಂದು ಪುಟ, ಅದೇ ಕಾಗದ, ಅದೇ ಲ್ಯಾಮಿನೇಶನ್ ಹಾಕಿಸಿ ತರಿಸಿ.

ಆ ಪುಟವನ್ನು ಕಿಟಕಿ ಬಳಿ ಅಲ್ಲ, ರಾತ್ರಿ 8 ಗಂಟೆಗೆ ಹೋಟೆಲಿನ ಮೇಜಿನ ಮೇಲೇ ಇಟ್ಟು ನೋಡಿ. ಗಿರಾಕಿ ಮೆನು ನೋಡುವುದು ಅಲ್ಲೇ ಅಲ್ವಾ. ಕಾದಿಕೊಯ್‌ನಲ್ಲಿ ನಾನು ಹಾಗೆ ಇಟ್ಟಾಗ, ಅಷ್ಟು ಕಷ್ಟಪಟ್ಟು ತೆಗೆದ ಅದಾನಾ ಮತ್ತೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅದೇ ಬಲ್ಬು. ಮಾಲೀಕರು ಒಮ್ಮೆ ಕಾರ್ಡು ನೋಡಿದರು, ಒಮ್ಮೆ ಮೇಲೆ ನೋಡಿದರು. ಮರುವಾರ ಹೋದಾಗ ಒಲೆಯ ಪಕ್ಕದ ಆರು ಮೇಜುಗಳ ಮೇಲೆ ಹೊಸ ಬಲ್ಬು ಬಂದಿದ್ದವು. ಉಳಿದ ಮೇಜುಗಳಿಗೆ ಇನ್ನೂ ಇಲ್ಲ.